ಮೆಕಾಂಗ್ ಸೇತುವೆ ದಾಟುವವರಿಗೆ

ಥಾಯ್ಲೆಂಡ್‌ನ ನೊಂಗ್ ಖಾಯ್‌ನಿಂದ ಲಾವೋಸ್‌ಗೆ ಹೋಗುವ ಈ 1,170 ಮೀಟರ್ ಸೇತುವೆ ತೆರೆದದ್ದು 1994ರಲ್ಲಿ. ನಡೆದು ದಾಟಲು ಬಿಡುವುದಿಲ್ಲ. ಥಾಯ್ ಕೌಂಟರಿನಲ್ಲಿ ನಿರ್ಗಮನದ ಮುದ್ರೆ ಹಾಕಿಸಿಕೊಂಡು ಶಟಲ್ ಬಸ್ ಹತ್ತಿ. ಹತ್ತುವ ಮುಂಚೆ ಆ ಪುಟ ತೆರೆದು ತಾರೀಖು ಓದಿಕೊಳ್ಳಿ.

ಆಚೆ ದಡದಲ್ಲೇ ವೀಸಾ ಮಾಡಿಸುವವರ ಬಳಿ ಫೋಟೊ, ಆರು ತಿಂಗಳ ಅವಧಿ ಉಳಿದ ಪಾಸ್‌ಪೋರ್ಟ್, ಹರಿಯದ ಡಾಲರ್ ನೋಟು ಇರಲಿ. ಹೆಚ್ಚಿನವರು ಎಡವುವುದು ವಾಪಸಾತಿಯಲ್ಲಿ: ಒಂದೇ ಪ್ರವೇಶದ ಥಾಯ್ ವೀಸಾ ಗಡಿ ದಾಟಿದೊಡನೆ ಮುಗಿಯಿತು. ಮರಳುವುದಿದ್ದರೆ ಹೊರಡುವ ಮೊದಲೇ ಮರುಪ್ರವೇಶ ಪರವಾನಗಿ ಪಡೆಯಿರಿ.

ಸ್ವಂತ ಗಾಡಿಯಾದರೆ ಎಚ್ಚರ. ಥಾಯ್ಲೆಂಡ್‌ನಲ್ಲಿ ನಮ್ಮಂತೆ ಎಡಗಡೆ ಸಂಚಾರ, ಲಾವೋಸ್‌ನಲ್ಲಿ ಬಲಗಡೆ. ಲಾವೋಸ್ ತುದಿಯಲ್ಲಿ ಪಥ ಅದಲುಬದಲಾಗುತ್ತದೆ. ರೈಲು ಹಳಿಯೂ ಇದೇ ಸೇತುವೆಯ ನಡುವೆ ಇದೆ. ರೈಲು ಬಂದರೆ ರಸ್ತೆ ಬಂದ್, ಕಾಯಲೇಬೇಕು.