ದಪ್ಪ ಕಂಡೆನ್ಸ್‌ಡ್ ಇಟಾಲಿಕ್‌ನಲ್ಲಿ ಎರಡು ಸಾಲಿನ ಹೆಡಿಂಗ್ ಇಡುವಾಗ

ಬೋಲ್ಡ್ ಕಂಡೆನ್ಸ್‌ಡ್ ಇಟಾಲಿಕ್ ಫಾಂಟ್‌ನಲ್ಲಿ, ಅಂದರೆ ದಪ್ಪಗೆ, ಅಗಲ ಕಡಿಮೆಯಾಗಿ, ಬಲಕ್ಕೆ ವಾಲಿದ ಅಕ್ಷರಗಳಲ್ಲಿ, ಇಂಗ್ಲಿಷ್ ಹೆಡಿಂಗ್ ಎರಡು ಮೂರು ಸಾಲಿಗೆ ಬಂದರೆ, ಎಡ ಅಂಚನ್ನು ನೇರವಾಗಿ ಬಿಡಬೇಡಿ. ಪ್ರತಿ ಕೆಳಗಿನ ಸಾಲನ್ನು ಸ್ವಲ್ಪ ಎಡಕ್ಕೆ ಸರಿಸಿ, ಅಕ್ಷರ ವಾಲಿರುವ ಕೋನದಲ್ಲೇ ಅಂಚೂ ವಾಲಲಿ. ಎಷ್ಟು ಸರಿಸಬೇಕು ಅಂದರೆ, ಫಾಂಟ್ ಮಾಹಿತಿಯಲ್ಲಿ ಇಟಾಲಿಕ್ ಆ್ಯಂಗಲ್ (ಅಕ್ಷರ ವಾಲಿರುವ ಕೋನ) ಇರುತ್ತದೆ, ಸಾಮಾನ್ಯವಾಗಿ ಮೈನಸ್ ಗುರುತಿನ ಜೊತೆ. ಅದು 12 ಡಿಗ್ರಿ ಇದ್ದು ಸಾಲಿನಿಂದ ಸಾಲಿಗೆ 100 ಪಿಕ್ಸೆಲ್ ಅಂತರವಿದ್ದರೆ, ಪ್ರತಿ ಸಾಲಿಗೆ ಸುಮಾರು 21 ಪಿಕ್ಸೆಲ್ ಸರಿಸಿ. 10 ಡಿಗ್ರಿಗೆ 18 ಸಾಕು. ಈ ಫಾಂಟ್‌ಗಳಲ್ಲಿ ಅಕ್ಷರ ಉದ್ದ, ಗೀಟು ದಪ್ಪ. ಹಾಗಾಗಿ ಓರೆ ಗೀಟುಗಳೇ ಕಣ್ಣಿಗೆ ಅಂಚಾಗಿ ಕಾಣುತ್ತವೆ. ನೇರ ಅಂಚಿಟ್ಟರೆ ಒಂದು ಸಾಲಿನ ಗೀಟು ಮುಗಿದ ಕಡೆ ಇನ್ನೊಂದು ಶುರುವಾಗದೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಎಲ್ಲಾ ಕ್ಯಾಪಿಟಲ್ ಅಕ್ಷರವಿದ್ದು ಸಾಲುಗಳು ಒತ್ತಾಗಿದ್ದರೆ ಇದು ತುಂಬಾ ಚೆನ್ನಾಗಿ ಕೂರುತ್ತದೆ. H, E, B ತರ ನೆಟ್ಟ ಗೀಟಿನ ಅಕ್ಷರದಿಂದ ಸಾಲು ಶುರುವಾದರೆ ಲೆಕ್ಕ ಸರಿಯಾಗಿ ಬರುತ್ತದೆ. O, A, T ಬಂದರೆ ಕಣ್ಣಳತೆಯಲ್ಲೇ ಸರಿಪಡಿಸಿ. ನಾಲ್ಕು ಸಾಲು ದಾಟಿದರೆ ಬೇಡ, ಹೆಡಿಂಗ್ ಪೂರ್ತಿ ಎಡಕ್ಕೆ ಜಾರಿದಂತಾಗುತ್ತದೆ. ಕೆಳಗೇ ನೇರ ಅಂಚಿನ ಪ್ಯಾರಾ ಅಂಟಿಕೊಂಡಿದ್ದರೂ ಎರಡೂ ಜಗಳವಾಡುತ್ತವೆ. ಕನ್ನಡ ಅಕ್ಷರಗಳಿಗೆ ಇದರಿಂದ ಅಷ್ಟು ಲಾಭವಿಲ್ಲ, ನಮ್ಮ ಲಿಪಿ ದುಂಡಗಲ್ವಾ, ಅಂಚಾಗಿ ನಿಲ್ಲುವ ಗೀಟೇ ಕಡಿಮೆ. ಇನ್ನೊಂದು ವಿಷಯ: ಸಾಲಿನ ಕೊನೆಯ ಅಕ್ಷರದ ತುದಿ ಟೆಕ್ಸ್ಟ್ ಬಾಕ್ಸ್‌ನಿಂದ ಹೊರಗೆ ಚಾಚಿ ಕತ್ತರಿಸಿಹೋಗಬಹುದು, ಬಲಗಡೆ ಸ್ವಲ್ಪ ಜಾಗ ಬಿಡಿ.