ದನ ಸಾಕಿದ ಎಂಜಿನಿಯರ್ ಮಾವನ ಬದುಕನ್ನು ಬರೆದಿಟ್ಟ ಬಗೆ

ಸೋದರಮಾವ ತೀರಿಕೊಂಡ ಮೇಲೆ ಅವರ ಬಗ್ಗೆ ನಾಲ್ಕು ಪುಟ ಬರೆದುಕೊಡು ಅಂತ ಅತ್ತೆ ಕೇಳಿದರು. ಮಾವ ಅರ್ಧ ಆಯುಷ್ಯ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದವರು, ಇನ್ನರ್ಧ ದನ ಸಾಕಿದವರು. ಇಂಥವರ ಬಗ್ಗೆ ಜನ ಹೇಳುವ ಮಾತು ಒಂದೇ: ಅಷ್ಟು ಒಳ್ಳೆಯ ಕೆಲಸ ಬಿಟ್ಟು ದನದ ಹಿಂದೆ ಹೋದರು ಅಂತ. ಆ ಮಾತನ್ನು ನಾನು ಯಾವತ್ತೂ ಒಪ್ಪಿಲ್ಲ. ಅವರು ಕೊನೆಯವರೆಗೂ ಎಂಜಿನಿಯರ್ ಆಗಿಯೇ ಇದ್ದರು, ಕೆಲಸದ ಜಾಗ ಮಾತ್ರ ಬದಲಾಗಿತ್ತು. ಬರೆಯುವುದಾದರೆ ಇದು ಓದುವವರಿಗೆ ಕಾಣಬೇಕು ಅಂತ ಕೂತೆ.

ಪದವಿ, ಬಡ್ತಿ, ವರ್ಗಾವಣೆಯ ಕಾಗದಗಳೆಲ್ಲ ಒಂದು ಫೈಲಿನಲ್ಲಿದ್ದವು. ಅದರಿಂದ ಇಸವಿಗಳನ್ನಷ್ಟೇ ತೆಗೆದುಕೊಂಡೆ. ನಿಜವಾಗಿ ಕೂತು ಓದಿದ್ದು ಕೊಟ್ಟಿಗೆಯಲ್ಲಿ ಅವರು ಇಟ್ಟಿದ್ದ ನೋಟ್‌ಬುಕ್‌ಗಳನ್ನು. ಪ್ರತಿ ಹಸುವಿಗೂ ಒಂದು ಪುಟ. ಮೇಲೆ ಕಿವಿಯ ಟ್ಯಾಗ್ ನಂಬರ್. ಕೆಳಗೆ ಬೆದೆಗೆ ಬಂದ ದಿನ, ಹೋರಿ ಕೂಡಿದ ದಿನ, ಅದಕ್ಕೆ 283 ದಿನ ಕೂಡಿಸಿ ಕರು ಹಾಕಬೇಕಾದ ತಾರೀಕು. ಅದರ ಪಕ್ಕ ನಿಜವಾಗಿ ಕರು ಹಾಕಿದ ತಾರೀಕು, ಎಷ್ಟು ದಿನ ಹಿಂದೆ ಮುಂದೆ ಆಯಿತು ಅನ್ನುವುದು. ಗಬ್ಬ ನಿಲ್ಲದೆ 21 ದಿನಕ್ಕೆ ಮತ್ತೆ ಬೆದೆಗೆ ಬಂದಿದ್ದರೆ ಕೆಂಪು ಗೆರೆ.

ತೂಕದ ಲೆಕ್ಕವಂತೂ ಅವರದೇ ಮುದ್ರೆ. ಹುಲ್ಲುಗಾವಲಿನಲ್ಲಿ ತೂಕದ ಯಂತ್ರ ಇರಲಿಲ್ಲ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದಿಂದ ಹಿಂಭಾಗದ ಮೂಳೆಯವರೆಗೆ ಉದ್ದ, ಎರಡನ್ನೂ ಟೇಪಿನಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತಿದ್ದರು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಕೆಜಿ ಸಿಗುತ್ತದೆ. ಸುತ್ತಳತೆ 180, ಉದ್ದ 140 ಇದ್ದರೆ ಸುಮಾರು 418 ಕೆಜಿ. ದನಸಾಕಣೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಮಾವ ಅಷ್ಟಕ್ಕೆ ನಿಲ್ಲಿಸಲಿಲ್ಲ. ಮಾರುವಾಗ ತಕ್ಕಡಿ ತೋರಿಸಿದ ತೂಕವನ್ನು ಪಕ್ಕದಲ್ಲೇ ಬರೆದು, ತಮ್ಮ ಅಂದಾಜು ಎಷ್ಟು ತಪ್ಪಿತು ಅಂತ ಪ್ರತಿ ಸಲ ನೋಡುತ್ತಿದ್ದರು. ಆ ಒಂದು ಪುಟವನ್ನು ಹಾಗೆಯೇ ಫೋಟೊ ತೆಗೆದು ಬರಹದೊಳಗೆ ಸೇರಿಸಿದೆ. ಅವರು ಶಿಸ್ತಿನ ಮನುಷ್ಯ ಅಂತ ನಾನು ಹೇಳುವ ಅಗತ್ಯವೇ ಬೀಳಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಜಾಗ ಕೊಟ್ಟಿದ್ದು ಬೇಲಿಗೆ. ಅವರ ಬದುಕಿನ ಎರಡೂ ಭಾಗ ಸೇರುವುದು ಅಲ್ಲೇ. ಕರೆಂಟ್ ಬೇಲಿಯ ಯಂತ್ರ ಹೆಚ್ಚುಕಮ್ಮಿ ಸೆಕೆಂಡಿಗೊಂದು ಸಲ ತಂತಿಗೆ ಹೊಡೆತ ಕಳಿಸುತ್ತದೆ. ಸಾವಿರಾರು ವೋಲ್ಟ್ ಇದ್ದರೂ ಒಂದೊಂದು ಹೊಡೆತವೂ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತು. ಹಾಗಾಗಿ ದನ ಬೆಚ್ಚಿ ಹಿಂದೆ ಸರಿಯುತ್ತದೆ, ಜೀವಕ್ಕೆ ಅಪಾಯವಿಲ್ಲ. ಆದರೆ ಆ ಕರೆಂಟ್ ದನದ ಮೈಯಿಂದ ನೆಲಕ್ಕಿಳಿದು, ಮಣ್ಣಿನ ಮೂಲಕ ಯಂತ್ರಕ್ಕೆ ವಾಪಸ್ ಬರಬೇಕು. ಮಣ್ಣು ಒಣಗಿದ್ದರೆ ಎಷ್ಟು ದುಬಾರಿ ಯಂತ್ರ ತಂದರೂ ಹೊಡೆತ ಸಪ್ಪೆ. ಅದಕ್ಕೇ ಮಾವ ತಗ್ಗಿನ ತೇವದ ಜಾಗ ಹುಡುಕಿ ಮೂರು ಅರ್ತ್ ರಾಡ್ (ಮಣ್ಣಿನ ಕರೆಂಟನ್ನು ಯಂತ್ರಕ್ಕೆ ವಾಪಸ್ ತರುವ ಲೋಹದ ಸರಳು) ಹೂತಿದ್ದರು, ಒಂದರಿಂದ ಒಂದಕ್ಕೆ ಮೂರು ಮೀಟರ್ ಬಿಟ್ಟು. ಬೆಳಿಗ್ಗೆ ಸುತ್ತು ಹೊಡೆಯುವಾಗ ಯಂತ್ರದಿಂದ ಅತಿ ದೂರದ ಕಂಬದಲ್ಲಿ ವೋಲ್ಟ್ ಅಳೆದು ಬರೆದುಕೊಳ್ಳುತ್ತಿದ್ದರು. ಅಂಕಿ ಇಳಿದರೆ ಹೆಚ್ಚಿನ ಸಲ ಎಲ್ಲೋ ಹುಲ್ಲು ಬೆಳೆದು ತಂತಿಗೆ ತಾಗಿದೆ ಅಂತ ಅರ್ಥ. ಆಮೇಲೆ ಕುಡುಗೋಲು ಹಿಡಿದು ಹೊರಟರೆ ಮುಗಿಯಿತು.

ಅಷ್ಟೊಂದು ಬೇಲಿ ಯಾಕೆ ಅನ್ನುವುದನ್ನೂ ವಿವರಿಸಬೇಕಿತ್ತು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮಾವ ಬರೆದಿದ್ದ ಹೆಸರು ಆಂಡ್ರೆ ವಾಝಾಂ. 1903ರಿಂದ 1964ರವರೆಗೆ ಬದುಕಿದ್ದ ಫ್ರಾನ್ಸಿನ ಜೀವರಸಾಯನ ವಿಜ್ಞಾನಿ. ನಾರ್ಮಂಡಿಯಲ್ಲಿ ತಮ್ಮದೇ ಜಮೀನಿನಲ್ಲಿ ದನ ಮೇಯಿಸುತ್ತಾ, ಅವು ಹೇಗೆ ಮೇಯುತ್ತವೆ ಅಂತ ನೋಡುತ್ತಾ ನಿಂತವರು. ಮೇಯ್ದ ಹುಲ್ಲಿಗೆ ಪೂರ್ತಿ ಬಿಡುವು ಕೊಡಿ, ಹೊಸ ಚಿಗುರನ್ನು ಅದೇ ದನ ಮತ್ತೆ ಕಚ್ಚುವ ಮೊದಲೇ ಹಿಂಡನ್ನು ಎಬ್ಬಿಸಿ ಅನ್ನುವುದು ಅವರ ಮಾತಿನ ಸಾರ. ಹುಲ್ಲುಗಾವಲಿನ ಒಂದು ತುಂಡಿನಲ್ಲಿ ಹಿಂಡು ಮೂರು ದಿನಕ್ಕಿಂತ ಜಾಸ್ತಿ ಇರಬಾರದು. ಮಾವ ಹುಲ್ಲುಗಾವಲನ್ನು ಬೇಲಿ ಹಾಕಿ ಹಾಗೆ ತುಂಡು ಮಾಡಿ, ಯಾವ ತುಂಡು ಯಾವತ್ತು ಖಾಲಿಯಾಯಿತು ಅಂತ ಚಾರ್ಟ್ ಹಾಕಿದ್ದರು.

ಜನರನ್ನು ಮಾತಾಡಿಸುವುದು ಬೇರೆಯೇ ಕೆಲಸ. ಮಾವ ಹೇಗಿದ್ದರು ಅಂತ ಕೇಳಿದರೆ, ತುಂಬಾ ಒಳ್ಳೆಯವರು ಅಂತ ಹೇಳಿ ಸುಮ್ಮನಾಗಿಬಿಡುತ್ತಾರೆ. ಅದು ಪ್ರೀತಿಯ ಮಾತೇ, ಆದರೆ ಬರೆಯಲು ಏನೂ ಸಿಗುವುದಿಲ್ಲ ಅಲ್ವಾ? ಹಾಗಾಗಿ ಅವರ ಜೊತೆ ದುಡಿದ ಹಿರಿಯರಿಗೆ, ದನಗಳನ್ನು ಇಂಜೆಕ್ಷನ್‌ಗೆ ಒಂದರ ಹಿಂದೊಂದು ಸಾಗುವ ಇಕ್ಕಟ್ಟಿನ ಓಣಿಯೊಳಗೆ ಬಿಡುವಾಗ ಮಾವ ಎಲ್ಲಿ ನಿಲ್ಲುತ್ತಿದ್ದರು ಅಂತ ಕೇಳಿದೆ. ಅವರು ಎದ್ದು ನಿಂತು ತೋರಿಸಿದರು. ದನದ ಭುಜಕ್ಕಿಂತ ಸ್ವಲ್ಪ ಹಿಂದೆ, ಪಕ್ಕಕ್ಕೆ. ಅಲ್ಲಿ ನಿಂತು ಒಂದು ಹೆಜ್ಜೆ ಹತ್ತಿರ ಬಂದರೆ ದನ ತಾನಾಗಿ ಮುಂದೆ ನಡೆಯುತ್ತದೆ. ನೇರ ಬೆನ್ನ ಹಿಂದೆ ನಿಂತರೆ ಅದಕ್ಕೆ ಕಾಣುವುದೇ ಇಲ್ಲ. ಕೂಗು, ಕೋಲು ಎರಡೂ ನಿಷಿದ್ಧ. ಒಮ್ಮೆ ದನಗಳೆಲ್ಲ ಒಂದೇ ಜಾಗದಲ್ಲಿ ಕಾಲೂರಿ ನಿಂತುಬಿಟ್ಟವಂತೆ. ಮಾವ ಸೊಂಟ ಬಗ್ಗಿಸಿ, ದನದ ಕಣ್ಣಿನ ಎತ್ತರಕ್ಕೆ ತಲೆ ತಂದು, ಓಣಿಯುದ್ದಕ್ಕೂ ತಾವೇ ನಡೆದರಂತೆ. ಗೇಟಿನ ಹತ್ತಿರ ನೇತಾಡುತ್ತಿದ್ದ ಸರಪಳಿಯ ತುಂಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರಂತೆ. ಹಿಂಡು ಸರಾಗವಾಗಿ ದಾಟಿತು. ಇದೇ ಸಲಹೆಯನ್ನು ಅಮೆರಿಕದ ಪ್ರಾಣಿ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದಾರೆ.

ಕೆಲಸ ಬಿಟ್ಟ ಕಾರಣವನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿದರು. ಮಾವ ಅತ್ತೆಗೆ ಬರೆದಿದ್ದ ಕಾಗದದಲ್ಲಿ ಇದ್ದದ್ದನ್ನು ಮಾತ್ರ ಅವರ ಕಾರಣ ಅಂತ ಬರೆದೆ. ಉಳಿದದ್ದಕ್ಕೆ ಹೇಳಿದವರ ಹೆಸರನ್ನೇ ಮುಂದಿಟ್ಟೆ.

ಒಂದು ವಿಷಯದಲ್ಲಿ ಮನೆಯಲ್ಲಿ ಮಾತು ಬಂತು. ಹಸಿದ ದನಗಳನ್ನು ಇಬ್ಬನಿ ಆರದ ಕುದುರೆ ಮೆಂತ್ಯದ (ಲೂಸರ್ನ್ ಅನ್ನುವ ಮೇವಿನ ಬೆಳೆಯ) ಹೊಲಕ್ಕೆ ಬಿಟ್ಟು, ಹೊಟ್ಟೆಯುಬ್ಬರವಾಗಿ ಎರಡು ಹಸು ಸತ್ತದ್ದನ್ನು ಮಾವ ಬರೆದಿಟ್ಟಿದ್ದರು. ಎಡಗಡೆ ಹೊಟ್ಟೆ ಉಬ್ಬಿದ್ದು, ತಾವು ನೋಡುವಾಗ ತಡವಾಗಿದ್ದು, ಇನ್ನು ಮೇಲೆ ಮೊದಲು ಒಣಹುಲ್ಲು ತಿನ್ನಿಸಿಯೇ ಬಿಡಬೇಕು ಅನ್ನುವುದು, ಎಲ್ಲವೂ ಇತ್ತು. ಇದನ್ನು ತೆಗೆದುಬಿಡು ಅಂದರು ಕೆಲವರು. ನಾನು ತೆಗೆಯಲಿಲ್ಲ. ಸತ್ತ ಹಸುಗಳ ಪುಟವನ್ನೂ ಅಷ್ಟೇ ಪ್ರಾಮಾಣಿಕವಾಗಿ ತುಂಬಿಸಿದವರು ಅವರು. ಅತ್ತೆ ನನ್ನ ಪರ ನಿಂತರು.

ನಾಲ್ಕು ಪುಟ ಅಂತ ಶುರುವಾದದ್ದು ಸಣ್ಣ ಪುಸ್ತಕವೇ ಆಯಿತು. ಕೊನೆಗೆ ಬೇಲಿಯ ನಕ್ಷೆ ಸೇರಿಸಿದೆ, ಅರ್ತ್ ರಾಡ್ ಎಲ್ಲೆಲ್ಲಿ ಹೂತಿದೆ ಅಂತ ಗುರುತು ಹಾಕಿ. ಈಗ ಹಿಂಡು ನೋಡಿಕೊಳ್ಳುತ್ತಿರುವ ಮಾವನ ಮಗಳು ಮೊದಲು ಕೇಳಿದ್ದೇ ಆ ಪುಟವನ್ನು.