ಅಗಲವೋ, ಎತ್ತರವೋ: ಐದು ಮೀಟರಿನ ಕಿಲ್ನ್ ಟೈರನ್ನು ರಸ್ತೆಯಲ್ಲಿ ಸಾಗಿಸಿದ ಅನುಭವ

ಅಳತೆ ಮೀರಿದ ಯಂತ್ರಭಾಗಗಳನ್ನು ಟ್ರೈಲರ್‌ಗೆ ಏರಿಸಿ, ಕಟ್ಟಿ, ಗುರಿ ಮುಟ್ಟುವವರೆಗೆ ಅದರೊಂದಿಗೆ ಸಾಗುವುದು ನನ್ನ ಕೆಲಸ. ಇಂಥ ಸಾಗಣೆಯಲ್ಲಿ ಜನರ ಕಣ್ಣಿಗೆ ಬೀಳುವುದು ರಸ್ತೆಯ ಮೇಲಿನ ಭಾಗವಷ್ಟೇ. ಆದರೆ ಸರಕನ್ನು ಯಾವ ಭಂಗಿಯಲ್ಲಿ ಕೂರಿಸಬೇಕು ಎಂಬ ತೀರ್ಮಾನವೇ ಉಳಿದೆಲ್ಲವನ್ನೂ ನಿರ್ಧರಿಸುತ್ತದೆ ಎಂಬುದು ವರ್ಷಗಳ ಕೆಲಸದಿಂದ ನನಗೆ ಮನದಟ್ಟಾಗಿದೆ. ಇದನ್ನು ತೋರಿಸಲು ಕಿಲ್ನ್ ಟೈರಿಗಿಂತ ಒಳ್ಳೆಯ ಸರಕು ಇಲ್ಲ.

ಸುಣ್ಣದ ಕಲ್ಲಿನಂಥ ಕಚ್ಚಾವಸ್ತುಗಳನ್ನು ಸುಡಲು ಬಳಸುವ, ನಿಧಾನವಾಗಿ ತಿರುಗುವ ಉದ್ದನೆಯ ಉಕ್ಕಿನ ಕೊಳವೆಯೇ ರೋಟರಿ ಕಿಲ್ನ್. ಆ ಕೊಳವೆಯ ಸುತ್ತ ತೊಡಿಸಿದ, ಕೆಳಗಿನ ರೋಲರ್‌ಗಳ ಮೇಲೆ ಉರುಳುವ ದಪ್ಪನೆಯ ಎರಕದ ಉಂಗುರವನ್ನು ಟೈರ್ ಎನ್ನುತ್ತಾರೆ. ನಾವು ಸಾಗಿಸಿದ ಉಂಗುರದ ಹೊರವ್ಯಾಸ 5 ಮೀಟರ್, ಒಳವ್ಯಾಸ 4.2 ಮೀಟರ್, ಅಗಲ 60 ಸೆಂ.ಮೀ. ಒಂದು ಘನ ಮೀಟರ್ ಉಕ್ಕು ಸುಮಾರು 7,850 ಕಿಲೋ ತೂಗುತ್ತದೆ. ಹಾಗಾಗಿ ಈ ಉಂಗುರದ ತೂಕ 27 ಟನ್ನಿನ ಆಸುಪಾಸಿನಲ್ಲಿ ಬರುತ್ತದೆ. ಈ ಲೆಕ್ಕವನ್ನು ನಾನು ಪ್ರತಿ ಬಾರಿಯೂ ಸ್ವತಃ ಮಾಡುತ್ತೇನೆ. ಡ್ರಾಯಿಂಗ್‌ನಲ್ಲಿ ಬರೆದಿರುವುದು ಪೂರ್ತಿ ಕೆಲಸ ಮುಗಿದ ಭಾಗದ ತೂಕವಾಗಿದ್ದು, ನಮ್ಮ ಕೈಗೆ ಬಂದಿರುವ ಎರಕದ ಮೇಲೆ ಇನ್ನೂ ಕಡೆದು ತೆಗೆಯಬೇಕಾದ ಲೋಹ ಉಳಿದಿರಬಹುದು. ಕ್ರೇನ್ ಮೊದಲ ಬಾರಿ ಎತ್ತುವಾಗ ಹುಕ್ಕಿಗೆ ಲೋಡ್ ಸೆಲ್ (ತೂಗುವ ಉಪಕರಣ) ಹಾಕಿಸಿ ತೂಕವನ್ನು ಓದಿಕೊಂಡ ಮೇಲೆಯೇ ಕಾಗದಕ್ಕೆ ಅಂತಿಮ ಅಂಕಿ ಏರಬೇಕು.

ತೂಕದ ಮಟ್ಟಿಗೆ ಈ ಸರಕು ದೊಡ್ಡ ಸವಾಲಲ್ಲ, ತೊಡಕೆಲ್ಲ ಆಕಾರದ್ದು. ಮಲಗಿಸಿ ಇಟ್ಟರೆ ಅಗಲ ಪೂರ್ತಿ 5 ಮೀಟರ್ ಆಗುತ್ತದೆ, ಅಂದರೆ ಸಾಮಾನ್ಯ ದ್ವಿಪಥ ರಸ್ತೆಯ ಬಹುಪಾಲು ಅದಕ್ಕೇ ಹೋಗುತ್ತದೆ. ನಿಲ್ಲಿಸಿ ಇಟ್ಟರೆ, ಟ್ರೈಲರ್ ಡೆಕ್ಕಿನ (ಸರಕು ಕೂರುವ ತಟ್ಟಿನ) 90 ಸೆಂ.ಮೀ. ಮತ್ತು ಕೆಳಗಿನ ಮರ ಹಾಗೂ ಚೌಕಟ್ಟಿನ 20 ಸೆಂ.ಮೀ. ಸೇರಿ ಎತ್ತರ 6.1 ಮೀಟರ್ ತಲುಪುತ್ತದೆ, ಸಾಮಾನ್ಯ ಸೇತುವೆಗಳ ಕೆಳಗೆ ತೂರುವುದಿಲ್ಲ. ಉಳಿದ ದಾರಿಯೆಂದರೆ ಓರೆಯಾಗಿ ಕೂರಿಸುವುದು. 45 ಡಿಗ್ರಿ ಓರೆಯಲ್ಲಿ ಅಗಲ 3.96 ಮೀಟರಿಗೆ ಇಳಿಯುತ್ತದೆ, ಆದರೆ ನೆಲದಿಂದ ಎತ್ತರ 5.06 ಮೀಟರ್ ಆಗುತ್ತದೆ. 35 ಡಿಗ್ರಿಯಲ್ಲಿ ಅಗಲ 4.44, ಎತ್ತರ 4.46. 30 ಡಿಗ್ರಿಯಲ್ಲಿ ಅಗಲ 4.63, ಎತ್ತರ 4.12. ಒಂದನ್ನು ಗಳಿಸಲು ಇನ್ನೊಂದನ್ನು ತೆರಬೇಕಾದ ಈ ಕೋಷ್ಟಕವನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಮಾರ್ಗ ಸರ್ವೆಗೆ ಹೊರಡುತ್ತೇನೆ. ಮೊದಲು ಚೌಕಟ್ಟು ಕಟ್ಟಿಸಿ ಆಮೇಲೆ ರಸ್ತೆ ಹುಡುಕುವವರನ್ನು ಕಂಡಿದ್ದೇನೆ. ಆ ಕ್ರಮ ತಿರುಗುಮುರುಗಾದದ್ದು. ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಯಾವುದು, ಅಲ್ಲಿ ಅಡ್ಡ ಬರುವುದು ಅಗಲವೋ ಎತ್ತರವೋ ಎಂಬುದು ಗೊತ್ತಾದ ಬಳಿಕವಷ್ಟೇ ಓರೆಯ ಕೋನವನ್ನು ನಿಗದಿ ಮಾಡಬೇಕು.

ಸರ್ವೆಯಲ್ಲಿ ಫಲಕಗಳನ್ನು ನಂಬಬಾರದು. ಸೇತುವೆಯ ಮೇಲೆ ಎತ್ತರ ಬರೆದ ನಂತರ ಅದರ ಕೆಳಗಿನ ರಸ್ತೆಗೆ ಡಾಂಬರಿನ ಹೊಸ ಪದರ ಬಿದ್ದಿದ್ದರೆ, ಅಷ್ಟು ಎತ್ತರ ಸದ್ದಿಲ್ಲದೆ ಕಡಿಮೆಯಾಗಿರುತ್ತದೆ. ಆದ್ದರಿಂದ ನಾನು ಸೇತುವೆಯ ಎರಡೂ ಅಂಚಿನಲ್ಲಿ ಮತ್ತು ನಡುವಿನಲ್ಲಿ ಬೇರೆಬೇರೆಯಾಗಿ ಅಳೆಯುತ್ತೇನೆ. ರಸ್ತೆ ತಗ್ಗಿಗೆ ಇಳಿದು ಮತ್ತೆ ಏರುವ ಕಡೆ ಸೇತುವೆ ಇದ್ದರೆ ಇನ್ನಷ್ಟು ಎಚ್ಚರ ಬೇಕು: ಉದ್ದನೆಯ ಟ್ರೈಲರಿನ ಮುಂದಿನ ಮತ್ತು ಹಿಂದಿನ ಚಕ್ರಗಳು ತಗ್ಗಿನ ಎರಡು ಇಳಿಜಾರುಗಳ ಮೇಲೆ ನಿಂತಾಗ, ನಡುವಿನ ಸರಕು ರಸ್ತೆಯಿಂದ ಕೆಲವು ಸೆಂಟಿಮೀಟರ್ ಮೇಲೆದ್ದಿರುತ್ತದೆ. ಇದಕ್ಕೆ ವಿರುದ್ಧವಾಗಿ ದಿಬ್ಬದ ಮೇಲೆ ಹಾಯುವಾಗ ಲೋ-ಬೆಡ್ಡಿನ, ಅಂದರೆ ತಗ್ಗಿನ ಡೆಕ್ಕಿನ ಟ್ರೈಲರಿನ, ಹೊಟ್ಟೆ ನೆಲಕ್ಕೆ ತಾಗುತ್ತದೆ. ವಿದ್ಯುತ್ ತಂತಿಗಳ ಎತ್ತರವನ್ನು ತಂಪಿನ ಬೆಳಗಿನಲ್ಲಿ ಮಾತ್ರ ಅಳೆದು ಬರುವಂತಿಲ್ಲ, ಏಕೆಂದರೆ ಬಿಸಿಲೇರಿದಾಗ ಮತ್ತು ತಂತಿಯಲ್ಲಿ ಹೆಚ್ಚು ವಿದ್ಯುತ್ ಹರಿಯುವಾಗ ಲೋಹ ಹಿಗ್ಗಿ ತಂತಿ ಜೋಲುತ್ತದೆ. ಅಳೆಯಲು ವಿದ್ಯುತ್ ಹರಿಯದ ಫೈಬರ್ ಗ್ಲಾಸ್ ಕೋಲು ಇಲ್ಲವೇ ದೂರದಿಂದ ಅಳೆಯುವ ಉಪಕರಣವನ್ನೇ ಬಳಸಬೇಕು. ಲೋಹದ ಟೇಪನ್ನು ತಂತಿಯ ಹತ್ತಿರಕ್ಕೂ ಒಯ್ಯಕೂಡದು.

ಹೊಸಬರು ಸಾಮಾನ್ಯವಾಗಿ ಮರೆಯುವುದು ರಸ್ತೆಯ ಅಡ್ಡ ಇಳಿಜಾರನ್ನು. ನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಸಿರುತ್ತಾರೆ. ಆ ಇಳಿಜಾರು ಶೇ. 3ರಷ್ಟಿದ್ದರೂ, ನಾಲ್ಕೂವರೆ ಮೀಟರ್ ಎತ್ತರದ ಸರಕಿನ ನೆತ್ತಿ 13 ಸೆಂ.ಮೀ. ಅಂಚಿನ ಕಡೆಗೆ ವಾಲುತ್ತದೆ. ಸಾಲುಮರದ ಕೊಂಬೆಗೂ ನಮ್ಮ ಉಂಗುರಕ್ಕೂ ನಡುವೆ ಉಳಿಯುವ ಜಾಗವೇ ಕೆಲವೊಮ್ಮೆ ಅಷ್ಟಿರುತ್ತದೆ. 35 ಡಿಗ್ರಿ ಓರೆಯಲ್ಲಿ ಉಂಗುರದ ಒಂದು ಬದಿ ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿ ಅತಿ ಹೊರಕ್ಕೆ ಚಾಚಿದರೆ, ಇನ್ನೊಂದು ಬದಿ ಸುಮಾರು 4 ಮೀಟರ್ ಎತ್ತರದಲ್ಲಿ ಚಾಚುತ್ತದೆ. ಎತ್ತರದ ಬದಿಯನ್ನು ರಸ್ತೆಯ ನಡುವಿನ ಕಡೆಗೆ, ತಗ್ಗಿನ ಬದಿಯನ್ನು ಅಂಚಿನ ಕಡೆಗೆ ಇಡುವುದು ನನ್ನ ಪದ್ಧತಿ. ಎದುರಿನಿಂದ ಬರುವ ವಾಹನಗಳನ್ನು ಮುಂದೆ ದಾರಿ ಬಿಡಿಸುತ್ತ ಸಾಗುವ ಪೈಲಟ್ ವಾಹನದವರು ತಡೆದು ನಿಲ್ಲಿಸಬಲ್ಲರು, ಆದರೆ ಮರವನ್ನು ಪಕ್ಕಕ್ಕೆ ಸರಿಸಲಾಗದು. ತಗ್ಗಿನ ಬದಿ ರಸ್ತೆಯಂಚಿನ ಕಬ್ಬಿಣದ ತಡೆಗಳ ಮೇಲಿಂದ ಸಾಮಾನ್ಯವಾಗಿ ದಾಟಿಹೋಗುತ್ತದೆ. ಆದರೆ ಅಲ್ಲಿನ ಫಲಕದ ಕಂಬಗಳನ್ನು ಒಂದೊಂದಾಗಿ ನೋಡಿ ಗುರುತು ಹಾಕಿಕೊಳ್ಳಲೇಬೇಕು.

ನಮ್ಮ ದಾರಿಗೆ 35 ಡಿಗ್ರಿಯೇ ಹೊಂದಿತು. ಚೌಕಟ್ಟನ್ನು ಐ-ಬೀಮ್‌ಗಳಿಂದ ಬೆಸುಗೆ ಹಾಕಿಸಿದೆವು. ಇಲ್ಲಿ ಒಂದು ಲೆಕ್ಕವನ್ನು ಬಿಡಿಸಿ ಹೇಳಬೇಕು. ಒಳ್ಳೆಯ ರಬ್ಬರ್ ಮ್ಯಾಟ್ ಹಾಸಿದಾಗ ದೊರೆಯುವ ಘರ್ಷಣೆಯ ಗುಣಾಂಕವನ್ನು (ಒತ್ತುವ ಭಾರದ ಎಷ್ಟು ಪಾಲಿನ ಬಲವನ್ನು ಘರ್ಷಣೆ ತಡೆಯಬಲ್ಲದು ಎಂಬ ಅಂಕಿಯನ್ನು) 0.6 ಎಂದು ಹಿಡಿಯುತ್ತಾರೆ. 35 ಡಿಗ್ರಿ ಇಳಿಜಾರಿನಲ್ಲಿ ವಸ್ತು ತಾನಾಗಿ ಜಾರದಿರಲು 0.7 ಬೇಕು. ಎಂದರೆ, ಮ್ಯಾಟ್ ಎಷ್ಟೇ ಚೆನ್ನಾಗಿದ್ದರೂ ಉಂಗುರವು ನಿಂತಲ್ಲೇ ಕೆಳಗೆ ಜಾರಲು ನೋಡುತ್ತದೆ. ಹೀಗಾಗಿ ಚೌಕಟ್ಟಿನ ತಗ್ಗಿನ ತುದಿಯಲ್ಲಿ ಉಂಗುರದ ದುಂಡಿಗೆ ಹೊಂದುವಂತೆ ಗಟ್ಟಿಯಾದ ಎರಡು ತಡೆಗಳನ್ನು ಬೆಸೆಯಿಸಬೇಕು. ಇಳಿಜಾರಿನ ಗುಂಟ ಒತ್ತುವ ಬಲ 15.5 ಟನ್; ಘರ್ಷಣೆಯ ನೆರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅದಷ್ಟನ್ನೂ ತಡೆಗಳೇ ಹೊರುವಂತೆ ಕಟ್ಟಿಸುವುದು ಕ್ಷೇಮ. ಈ ಕೆಲಸವನ್ನು ಚೈನಿಗೆ ಒಪ್ಪಿಸುವುದನ್ನು ನಾನು ಒಪ್ಪುವುದಿಲ್ಲ. ಚೈನು ಇರುವುದು ಅಲುಗಾಟವನ್ನು ತಡೆಯಲಿಕ್ಕೆ, ಹಗಲಿರುಳೂ ಭಾರ ಹೊರಲಿಕ್ಕಲ್ಲ.

ಉಂಗುರದ ಕಡೆದ ಮೈಗಳಿಗೆ ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ಎಣ್ಣೆಯನ್ನೋ ಮೇಣದಂಥ ಲೇಪವನ್ನೋ ಬಳಿದಿರುತ್ತಾರೆ. ಅದರ ಮೇಲೆ ಮ್ಯಾಟ್ ಹಾಸಿದರೆ, ಕಾಗದದ ಮೇಲಿನ 0.6 ಎಂಬ ಅಂಕಿಗೆ ಅರ್ಥವೇ ಇರುವುದಿಲ್ಲ. ಮ್ಯಾಟ್ ಕೂರುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತಿಸಿ, ಅಷ್ಟನ್ನು ಮಾತ್ರ ಸಾಲ್ವೆಂಟ್ ಹಾಕಿ ಒರೆಸಿಸುತ್ತೇನೆ. ಬಿಳಿ ಬಟ್ಟೆಯಿಂದ ಕೊನೆಯ ಬಾರಿ ಒತ್ತಿ ಒರೆಸಿದಾಗ ಬಟ್ಟೆಗೆ ಕಲೆ ಹತ್ತಬಾರದು. ಹತ್ತಿದರೆ ಮತ್ತೊಮ್ಮೆ ಒರೆಸಬೇಕು. ಹತ್ತು ನಿಮಿಷದ ಕೆಲಸವೆಂದು ಇದನ್ನು ಸಹಾಯಕರ ಪಾಲಿಗೆ ಬಿಟ್ಟು ಹೋಗುವವರಿದ್ದಾರೆ, ಆದರೆ ಇಡೀ ಲೋಡಿಂಗಿನಲ್ಲಿ ನಾನು ಪಕ್ಕದಲ್ಲಿ ನಿಂತು ಮಾಡಿಸುವ ಕೆಲಸ ಇದೇ.

ಚೌಕಟ್ಟು ಮತ್ತು ಡೆಕ್ಕಿನ ನಡುವೆಯೂ ಮ್ಯಾಟ್ ಬೇಕು. ಸರಕು ಕಟ್ಟುವ ಲೆಕ್ಕಕ್ಕೆಂದು ಇರುವ ಯುರೋಪಿನ ಇ.ಎನ್. 12195-1 ಎಂಬ ಮಾನದಂಡದ ಪ್ರಕಾರ, ರಸ್ತೆ ಸಾಗಣೆಯಲ್ಲಿ ಸರಕು ಅದರ ತೂಕದ 0.8 ಪಾಲಿನಷ್ಟು ಬಲದಿಂದ ಮುಂದಕ್ಕೂ, 0.5 ಪಾಲಿನಷ್ಟು ಬಲದಿಂದ ಪಕ್ಕಕ್ಕೂ ಹಿಂದಕ್ಕೂ ಸರಿಯಲು ನೋಡಬಹುದೆಂದು ಹಿಡಿಯಬೇಕು. ಚೌಕಟ್ಟೂ ಸೇರಿ 30 ಟನ್ ಎಂದುಕೊಂಡರೆ, ಗಟ್ಟಿ ಬ್ರೇಕ್ ಹಾಕಿದಾಗ ಮುಂದಕ್ಕೆ 24 ಟನ್ನಿನ ಒತ್ತಡ ಬರುತ್ತದೆ. ಉಕ್ಕಿನ ಮೇಲೆ ಉಕ್ಕು ಕೂತಿದ್ದು ಗುಣಾಂಕ 0.2 ಆಗಿದ್ದರೆ ಘರ್ಷಣೆ 6 ಟನ್ ತಡೆಯುತ್ತದೆ, 18 ಟನ್ ಚೈನುಗಳ ಪಾಲಿಗೆ ಬೀಳುತ್ತದೆ. ಮ್ಯಾಟ್ ಇದ್ದರೆ 18 ಟನ್ ಘರ್ಷಣೆಯೇ ತಡೆಯುತ್ತದೆ, ಚೈನುಗಳಿಗೆ ಉಳಿಯುವುದು 6 ಟನ್. ಪೂರ್ಣ ಲೆಕ್ಕದಲ್ಲಿ ಸುರಕ್ಷತೆಯ ಅಂಶಗಳು ಇನ್ನೂ ಸೇರುತ್ತವೆ, ಆದರೂ ಅಂಗೈಯಗಲದ ರಬ್ಬರ್ ತುಂಡುಗಳು ಎಷ್ಟು ಕೆಲಸ ಮಾಡುತ್ತವೆ ಎಂಬುದನ್ನು ಈ ಸರಳ ಲೆಕ್ಕವೇ ಹೇಳುತ್ತದೆ. ಸಂದೇಹ ಬಂದಾಗ ಇನ್ನೊಂದು ಚೈನು ಎಳೆಯುವ ಮೊದಲು ಸರಕಿನ ತಳವನ್ನು ಬಗ್ಗಿ ನೋಡಿ ಎಂದು ನಾನು ಹುಡುಗರಿಗೆ ಹೇಳುವುದು ಇದೇ ಕಾರಣಕ್ಕೆ.

ಚೈನಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. 13 ಮಿ.ಮೀ.ನ ಗ್ರೇಡ್ 80 (ಉಕ್ಕಿನ ಬಲದ ದರ್ಜೆ) ಚೈನಿನ ಕಟ್ಟುವ ಸಾಮರ್ಥ್ಯ ಸುಮಾರು 10 ಟನ್. ಆದರೆ ಡೆಕ್ಕಿನಿಂದ 45 ಡಿಗ್ರಿ ಮೇಲಕ್ಕೂ ಟ್ರೈಲರಿನ ಉದ್ದಕ್ಕೆ 45 ಡಿಗ್ರಿ ಓರೆಯಾಗಿಯೂ ಹೋಗುವ ಚೈನು ಮುಂದಿನ ಎಳೆತಕ್ಕೆ ಎದುರಾಗಿ ಕೊಡುವುದು ಅದರ ಅರ್ಧದಷ್ಟನ್ನು ಮಾತ್ರ. ಉಂಗುರದ ಹೊರಮೈಯು ರೋಲರ್‌ಗಳ ಮೇಲೆ ವರ್ಷಗಟ್ಟಲೆ ಉರುಳಬೇಕಾದ ಮೈ. ಅದಕ್ಕೆ ಚೈನಿನ ಕೊಂಡಿ ತಾಗಿ ಗೀರು ಬಿದ್ದರೆ ಅಲ್ಲಿಂದಲೇ ಬಿರುಕು ಹುಟ್ಟಬಹುದು. ಆದ್ದರಿಂದ ಆ ಮೈಗೆ ತಾಗುವ ಕಡೆಯೆಲ್ಲ ಅಗಲವಾದ ಬೆಲ್ಟ್ ಸ್ಲಿಂಗುಗಳನ್ನೂ (ಪಟ್ಟಿಗಳನ್ನೂ) ಅಂಚುಗಳಲ್ಲಿ ದಪ್ಪ ಪ್ಯಾಡುಗಳನ್ನೂ ಬಳಸಿ, ಚೈನನ್ನು ಸ್ಲಿಂಗಿನ ತುದಿಗೆ ಶ್ಯಾಕಲ್ (ಪಿನ್ ಇರುವ ಉಕ್ಕಿನ ಕೊಂಡಿ) ಹಾಕಿ ಜೋಡಿಸಿದೆವು.

ಟ್ರೈಲರಿನ ಮೇಲೆ ಸ್ಥಾನ ಹಿಡಿಯುವಾಗ ಈ ಸರಕಿನಲ್ಲಿ ಒಂದು ವಿಶೇಷವಿದೆ: ಗುರುತ್ವ ಕೇಂದ್ರ ಇರುವುದು ಉಂಗುರದ ನಡುವಿನ ಖಾಲಿ ಜಾಗದಲ್ಲಿ, ಅಲ್ಲಿ ಗುರುತು ಹಾಕಲು ಲೋಹವೇ ಇಲ್ಲ. ಉಂಗುರದ ಒಳಗೆ ಎರಡು ದಾರಗಳನ್ನು ಅಡ್ಡಡ್ಡವಾಗಿ ಎಳೆದು ಕಟ್ಟಿ, ಅವು ಕೂಡುವಲ್ಲಿಂದ ತೂಗುಗುಂಡು ಇಳಿಬಿಟ್ಟೆವು. ಉಂಗುರದ ಅಗಲವೂ ಓರೆಯಾಗಿರುವುದರಿಂದ ದಾರಗಳನ್ನು ಅಂಚಿನ ಮೇಲೆ ಕಟ್ಟದೆ ಒಳಮೈಯ ನಡುಮಟ್ಟದಲ್ಲೇ ಕಟ್ಟಬೇಕು. ಗುಂಡು ಡೆಕ್ಕಿನ ನಡುಗೆರೆಯ ಮೇಲೆ ಬಂದ ಮೇಲಷ್ಟೇ ಕ್ರೇನಿನವನಿಗೆ ಪೂರ್ತಿ ಇಳಿಸಲು ಸನ್ನೆ ಕೊಟ್ಟೆ. ಉದ್ದದ ದಿಕ್ಕಿನಲ್ಲೂ ಅಷ್ಟೇ ಕಟ್ಟುನಿಟ್ಟು ಬೇಕು: ಟ್ರೈಲರನ್ನು ಎಳೆಯುವ ಗಾಡಿಗೆ ಜೋಡಿಸುವ ಕಿಂಗ್‌ಪಿನ್ನಿಗೂ ಹಿಂದಿನ ಆಕ್ಸಲ್‌ಗಳ ನಡುಬಿಂದುವಿಗೂ 10 ಮೀಟರ್ ಅಂತರವಿದ್ದರೆ, 30 ಟನ್ ಸರಕನ್ನು ಅರ್ಧ ಮೀಟರ್ ಸರಿಸಿದೊಡನೆ ಒಂದೂವರೆ ಟನ್ ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಕೊನೆಯಲ್ಲಿ ಓರೆಯನ್ನು ಕೋನಮಾಪಕದಿಂದ ಮತ್ತೆ ಅಳೆಯಬೇಕು. ಒಂದು ಡಿಗ್ರಿ ಹೆಚ್ಚಾದರೂ ಎತ್ತರ ಆರೂವರೆ ಸೆಂ.ಮೀ. ಏರುತ್ತದೆ, ಆಗ ಸರ್ವೆಯಲ್ಲಿ ಅಳೆದ ಅಂಕಿಗಳು ಕೆಲಸಕ್ಕೆ ಬಾರವು.

ಹೊರಟ ಮೇಲೆ ಕೆಲವೇ ಕಿಲೋಮೀಟರಿನಲ್ಲಿ ಗಾಡಿ ನಿಲ್ಲಿಸಿ ಪ್ರತಿ ಚೈನನ್ನೂ ಮುಟ್ಟಿ ನೋಡುವುದು ಕಡ್ಡಾಯ. ಕುಲುಕಾಟಕ್ಕೆ ಕೆಳಗಿನ ಮರ ಅದುಮಿಕೊಂಡು ಬಿಗಿ ಕಡಿಮೆಯಾಗಿರುತ್ತದೆ. ಹಸಿಮರವಾದರೆ ಮತ್ತೂ ಹೆಚ್ಚು. ಒಣಗಿದ ಗಟ್ಟಿಮರವನ್ನೇ ಹಾಕಬೇಕು. ಓರೆಯಾಗಿ ಕೂತ ಉಂಗುರದ ಗುರುತ್ವ ಕೇಂದ್ರ ನೆಲದಿಂದ 2.8 ಮೀಟರ್ ಹತ್ತಿರ ಇರುತ್ತದೆ, ಮಲಗಿಸಿದ್ದರೆ ಇರುತ್ತಿದ್ದ ಎತ್ತರದ ಎರಡರಷ್ಟು. ಹೀಗಾಗಿ ತಿರುವುಗಳಲ್ಲಿ ವೇಗವನ್ನು ಚೆನ್ನಾಗಿ ಇಳಿಸಬೇಕು. ವೇಗ ಅರ್ಧಕ್ಕಿಳಿದರೆ ಹೊರಕ್ಕೆ ತಳ್ಳುವ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಸೇತುವೆಗಳ ಮೇಲೆ ಬೇರೆ ವಾಹನಗಳಿಲ್ಲದಾಗ, ನಡುವಿನಲ್ಲಿ, ನಡಿಗೆಯ ವೇಗದಲ್ಲಿ, ಗೇರ್ ಬದಲಿಸದೆ ಮತ್ತು ಬ್ರೇಕ್ ಒತ್ತದೆ ದಾಟುತ್ತೇವೆ. ಉದ್ದನೆಯ ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಮತ್ತು ತಗ್ಗಿನ ಗೇರ್ ಗಾಡಿಯನ್ನು ಹಿಡಿಯಬೇಕು. ಕಾಲಿನ ಬ್ರೇಕನ್ನೇ ನೆಚ್ಚಿದರೆ ಡ್ರಮ್ಮುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ.

ಇಳಿಸುವ ಜಾಗದಲ್ಲಿ ಎಲ್ಲರಿಗೂ ಆತುರ ಇರುತ್ತದೆ. ಅಲ್ಲಿ ನಾನು ಬಿಡದೆ ಪಾಲಿಸುವ ಕ್ರಮ ಇದು: ಕ್ರೇನಿನ ಸ್ಲಿಂಗುಗಳು ಬಿಗಿಯಾಗಿ ಸ್ವಲ್ಪ ಭಾರ ಹೊತ್ತ ಮೇಲೆಯೇ ಚೈನು ಸಡಿಲಿಸಬೇಕು, ಮತ್ತು ಸಡಿಲಿಸುವವರು ಯಾರೂ ತಗ್ಗಿನ ಬದಿಯಲ್ಲಿ ನಿಂತಿರಬಾರದು. ಎತ್ತುವಾಗ ಉಂಗುರ ತಟ್ಟನೆ ತನ್ನ ಓರೆಯನ್ನು ಬದಲಿಸದಂತೆ ಒಂದು ಸ್ಲಿಂಗಿಗೆ ಚೈನ್ ಬ್ಲಾಕ್ (ಕೈಯಿಂದ ಎಳೆಯುವ ಸರಪಳಿ ರಾಟೆ) ಹಾಕಿ ಉದ್ದವನ್ನು ಸರಿಹೊಂದಿಸುತ್ತೇವೆ. ನೆಲಕ್ಕಿಳಿದ ಕೂಡಲೇ, ಮ್ಯಾಟಿಗಾಗಿ ಒರೆಸಿದ್ದ ಜಾಗಗಳಿಗೆ ತುಕ್ಕು ತಡೆಯುವ ಎಣ್ಣೆಯನ್ನು ಅಂದೇ ಮರಳಿ ಬಳಿಯಬೇಕು, ಏಕೆಂದರೆ ತೇವದ ಗಾಳಿಯಲ್ಲಿ ಕಡೆದ ಉಕ್ಕಿನ ಬರಿಮೈ ಕಂದಲು ಒಂದು ರಾತ್ರಿಯೇ ಸಾಕು. ಆಮೇಲೆ ಗಿರಾಕಿಯ ಕಡೆಯವರೊಂದಿಗೆ ಹೊರಮೈಯನ್ನು ಸುತ್ತಲೂ ಕೈಯಿಂದ ಸವರಿ ನೋಡಿ, ಗೀರು ಇಲ್ಲವೆಂದು ಕಾಗದದಲ್ಲಿ ಬರೆಸಿಕೊಂಡು ಸಹಿ ಪಡೆಯುತ್ತೇನೆ.